ತಾತನ ಕಣ್ಣಿನ ಬಿಳಿ ಚುಕ್ಕೆ

“ಅಮ್ಮಾ, ಇಳೀರಿ! ಆ ಏಣಿ ನನ್ನ ಮಾತು ಬಿಟ್ಟು ಇನ್ಯಾರ ಮಾತೂ ಕೇಳಲ್ಲ!”

ಕೆಳಗಿನಿಂದ ಕೂಗು ಬಂದಾಗ ನಾನು ಹದಿನೆಂಟನೆಯ ಮೆಟ್ಟಿಲ ಮೇಲಿದ್ದೆ. ಮೂಗಿಗೆ ಒಂದು ಗೇಣು ದೂರದಲ್ಲಿ ಒಂದು ಕಣ್ಣು. ಊಟದ ತಟ್ಟೆಯಷ್ಟು ದೊಡ್ಡ ಕಣ್ಣು. ಐವತ್ತೆರಡರ ವಯಸ್ಸಿನಲ್ಲಿ, ಎಡಮಂಡಿ ಹೆಜ್ಜೆಗೊಮ್ಮೆ ಶಾಪ ಹಾಕುತ್ತಿರುವಾಗ ಏಣಿ ಹತ್ತಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೆ ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ.

“ಒಂದೇ ನಿಮಿಷ!” ಎಂದೆ.

“ಆ ಒಂದು ನಿಮಿಷದಲ್ಲೇ ಜನ ಬೀಳೋದು!”

ಏಣಿಯ ಬುಡ ಹಿಡಿದು ನಿಂತವಳು ಚಿತ್ರಗಾರ್ತಿ. ಮೂವತ್ತು ದಾಟಿರಲಾರದು. ಆದರೂ ಹಣ್ಣುಹಣ್ಣು ಮುದುಕರಿಂದ ಹಿಡಿದು ಬೀದಿಗೆಲ್ಲ ಅವಳು ಏಣಿಯಕ್ಕ. ಕುಡಿಯುವ ನೀರು ತರಲು ಅವಳು ಅತ್ತ ಹೋದದ್ದೇ ತಡ, ನಾನು ಇತ್ತ ಹತ್ತಿಬಿಟ್ಟಿದ್ದೆ.

ಕಣ್ಣು ಸೈರನ್ ತಾತನದು. ಮುಚ್ಚಿಹೋದ ನೂಲಿನ ಗಿರಣಿಯ ಹಳೆಯ ಕಾವಲುಗಾರ, ಪಾಳಿಯ ಸೈರನ್ ಕೂಗಿಸುತ್ತಿದ್ದವರು. ಅವರು ಕಾಣೆಯಾಗಿ ಇವತ್ತಿಗೆ ಒಂಬತ್ತು ದಿನ. ಅವರ ಮಗಳು ಅಳುತ್ತಾ ನನ್ನ ಪತ್ತೇದಾರಿ ಆಫೀಸಿಗೆ ಬಂದು ನಾಲ್ಕು ದಿನ. ಅಪ್ಪನಿಗೆ ಹೃದಯದ ಕಾಯಿಲೆ, ದಿನಕ್ಕೊಂದು ಮಾತ್ರೆ ತಪ್ಪುವ ಹಾಗಿಲ್ಲ ಎಂದು ಒಂದು ಪಟ್ಟಿ ಮಾತ್ರೆಯನ್ನು ನನ್ನ ಕೈಗೇ ಕೊಟ್ಟು ಹೋಗಿದ್ದಳು. ಅಂದಿನಿಂದ ಆ ಪಟ್ಟಿ ನನ್ನ ಚೀಲದೊಳಗೆ ಚರಪರ ಅನ್ನುತ್ತಲೇ ಇತ್ತು. ನಿದ್ದೆಯಲ್ಲೂ ನನಗೆ ಅದೇ ಸದ್ದು.

ಈಗ ಆ ಕಣ್ಣಿನ ನಡುವೆ ಒಂದು ಬಿಳಿ ಚುಕ್ಕೆ. ನಿನ್ನೆ ಸಂಜೆ ಅದು ಇರಲಿಲ್ಲ. ಕೆಳಗೆ ನಿಂತು ನಾನೇ ಫೋನಿನಲ್ಲಿ ಫೋಟೊ ಹಿಡಿದಿದ್ದೆ. ಎರಡು ಕಣ್ಣಪಾಪೆಗಳೂ ಕಪ್ಪಗೆ, ಖಾಲಿಯಾಗಿದ್ದವು.

ಈ ಬೀದಿಗೆ ತನ್ನದೇ ಒಂದು ಪದ್ಧತಿ ಇದೆ. ಗೋಡೆಗಳ ಮೇಲೆ ಇರುವುದೆಲ್ಲ ಇಲ್ಲಿಯವರದೇ ಮುಖಗಳು. ಕ್ಷೌರದವನು, ಇಸ್ತ್ರಿಯವಳು, ರೇಡಿಯೋ ರಿಪೇರಿ ಮಾಡುವ ಕಿವುಡ, ಹೀಗೆ ಇಪ್ಪತ್ತಮೂರು. ಕೂದಲು, ಸುಕ್ಕು, ಗುಂಡಿ ಎಲ್ಲವನ್ನೂ ಬರೆಯುವುದು ಏಣಿಯಕ್ಕ ಮತ್ತು ಅವಳ ಜೊತೆಯ ಇಬ್ಬರು. ಆದರೆ ಕಣ್ಣಪಾಪೆಯಲ್ಲಿ ಬೆಳಕು ಬಿದ್ದ ಹಾಗೆ ಕಾಣುವ ಬಿಳಿ ಚುಕ್ಕೆ ಇದೆಯಲ್ಲ, ಅದನ್ನು ಮಾತ್ರ ಅವಳು ಮುಟ್ಟುವುದಿಲ್ಲ. ಕೊನೆಯ ದಿನ ಮುಖದ ಒಡೆಯರೇ ಏಣಿ ಹತ್ತಿ, ಬಿಳಿ ಬಣ್ಣದಲ್ಲಿ ಬೆರಳದ್ದಿ, ತಮ್ಮ ಕಣ್ಣಿಗೆ ತಾವೇ ಚುಕ್ಕೆ ಇಡಬೇಕು. ಅಲ್ಲಿಯವರೆಗೆ ಗೋಡೆಯ ಮೇಲೆ ಮುಖ ಇರುತ್ತದೆ, ನೋಟ ಇರುವುದಿಲ್ಲ.

ತಾತನ ಚಿತ್ರ ಮುಗಿದದ್ದು ಆರು ದಿನದ ಹಿಂದೆ. ಚುಕ್ಕೆ ಇಡಲು ತಾತನೇ ಇರಲಿಲ್ಲ.

ಉಗುರಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಮೇಲೆ ತೆಳ್ಳನೆಯ ಕೆನೆ, ಒಳಗೆ ಮೆತ್ತಗೆ. ಈ ಬಿಸಿಲಿಗೆ ಬಣ್ಣ ಅರ್ಧ ದಿನವೂ ಹಸಿಯಾಗಿ ಉಳಿಯದು. ಅಂದರೆ ಇದು ಇವತ್ತು ಬೆಳಿಗ್ಗೆ ಇಟ್ಟ ಚುಕ್ಕೆ.

ಕನ್ನಡಕ ಮೇಲಕ್ಕೇರಿಸಿ ಇನ್ನೂ ಹತ್ತಿರ ಹೋದೆ. ಚುಕ್ಕೆಯೊಳಗೆ ಬೆರಳಿನ ಅಚ್ಚು. ಬೆರಳ ತುದಿಯೆಂದರೆ ಗೆರೆಗಳ ಸುಳಿ ಇರಬೇಕು. ಇಲ್ಲಿ ಸುಳಿಯೇ ಇಲ್ಲ. ನುಣುಪು, ಮೊಂಡು, ನಡುವೆ ಹೊಲಿಗೆ ಹಾಕಿದಂಥ ಒಂದು ಓರೆ ಗೆರೆ.

“ಅಪ್ಪನ ಎಡಗೈ ತೋರುಬೆರಳಿನ ತುದಿ ಇಲ್ಲ ಮೇಡಂ, ಗಿರಣಿ ಯಂತ್ರಕ್ಕೆ ಸಿಕ್ಕಿ ಹೋಯ್ತು” ಎಂದು ಮಗಳು ತನ್ನ ಎಡಗೈಯ ಬೆರಳನ್ನೇ ಮಡಚಿ ತೋರಿಸಿದ್ದಳು. ಗೋಡೆಯ ಮೇಲೂ ಆ ಬೆರಳು ಇತ್ತು. ಎದೆಯ ಮೇಲೆ ಇಟ್ಟುಕೊಂಡ ಎಡಗೈ, ಅದರಲ್ಲೊಂದು ಗಿಡ್ಡ ಬೆರಳು. ಬೀದಿ ನೋಡಲು ಬರುವವರೆಲ್ಲ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ತಾತ ಬದುಕಿದ್ದಾರೆ. ಬೆಳಿಗ್ಗೆ ಇಲ್ಲೇ ಇದ್ದರು.

ಆದರೆ ಇಷ್ಟು ಎತ್ತರಕ್ಕೆ ಹತ್ತಿದ್ದು ಹೇಗೆ? ಬೀದಿಗೆ ಇರುವುದು ಇದೊಂದೇ ಉದ್ದದ ಏಣಿ. ಸಂಜೆಯಾದರೆ ಏಣಿಯಕ್ಕ ಅದನ್ನು ಕೈಗಾಡಿಗೆ ಸರಪಳಿ ಹಾಕಿ ಬಿಗಿದು ಹೋಗುತ್ತಾಳೆ. ಸುತ್ತ ನೋಡಿದೆ. ಕಣ್ಣಿನಿಂದ ಒಂದು ತೋಳಿನಷ್ಟು ದೂರದಲ್ಲಿ, ತಾತನ ಕಿವಿಯ ಪಕ್ಕ, ಗಿರಣಿಯ ಗಾಳಿಕಿಂಡಿ ಇತ್ತು. ಒಂದು ಸರಳು ಕಿತ್ತು ಹೋಗಿತ್ತು. ಕಿಂಡಿಯ ಅಂಚಿನಲ್ಲಿ ವರ್ಷಗಟ್ಟಲೆಯ ಧೂಳು, ನಡುವೆ ಮಾತ್ರ ತೋಳು ಉಜ್ಜಿದ ಹಾಗೆ ಸ್ವಚ್ಛ. ಅಲ್ಲೇ ಒಂದು ಬಿಳಿ ಕಲೆ.

ಒಳಗಿನಿಂದ ಕೈ ಚಾಚಿದ್ದಾರೆ! ಎರಡನೆಯ ಕಣ್ಣು ಕೈಗೆ ಎಟುಕಿಲ್ಲ, ಅದಕ್ಕೇ ಒಂದೇ ಚುಕ್ಕೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನಾಲ್ಕು ದಿನದಿಂದ ಬಸ್ ನಿಲ್ದಾಣ, ಆಸ್ಪತ್ರೆ ಎಂದು ಅಲೆದವಳು ನಾನು. ಗಿರಣಿಯೊಳಗೂ ಒಮ್ಮೆ ಹೋಗಿದ್ದೆ. ಮೇಲಿನ ಸೈರನ್ ಕೋಣೆಯ ಬಾಗಿಲು ತಳ್ಳಿದರೆ ಅಲುಗಲಿಲ್ಲ. ತುಕ್ಕು ಹಿಡಿದಿದೆ ಎಂದುಕೊಂಡು ಬಂದುಬಿಟ್ಟಿದ್ದೆ.

ಇಳಿಯುವಾಗ ತಾತನ ಅಂಗಿಯ ಗುಂಡಿಗಳು ಒಂದೊಂದಾಗಿ ಕಣ್ಣೆದುರು ಹಾದುಹೋದವು. ಗುಂಡಿಪಟ್ಟಿ ಹೆಂಗಸರ ಅಂಗಿಯ ಹಾಗೆ ತಿರುವುಮುರುವಾಗಿತ್ತು. ಚಿತ್ರ ಬರೆಯುವವರಿಗೆ ಗಂಡಸರ ಬಟ್ಟೆ ಒಗೆದು ಅಭ್ಯಾಸವಿಲ್ಲ ಎಂದು ಮನಸ್ಸಿನಲ್ಲೇ ನಕ್ಕೆ.

“ಏನು ಕಂಡಿತು ಅಮ್ಮ?” ಏಣಿಯಕ್ಕನ ಮುಖ ಸುಣ್ಣ ಬಳಿದ ಹಾಗಿತ್ತು.

“ಧೂಳು” ಎಂದೆ. “ಚಹಾ ಕುಡಿದು ಬರ್ತೀನಿ.”

* * *

ಬೀದಿಯ ಮೂಲೆಯವರೆಗೆ ಓಡುನಡಿಗೆಯಲ್ಲೇ ಹೋದೆ.

ಎರಡು ವರ್ಷದ ಹಿಂದೆ ಇದು ಕಸದ ಬೀದಿ. ವಿಳಾಸ ಹೇಳಿದರೆ ಬಾಡಿಗೆ ಗಾಡಿಯವರು ತಲೆ ಅಲ್ಲಾಡಿಸುತ್ತಿದ್ದರು. ಗಿರಣಿ ಮುಚ್ಚಿದ ಮೇಲೆ ಅರ್ಧಕ್ಕರ್ಧ ಮನೆಗಳಿಗೆ ಬೀಗ, ಉಳಿದವರು ಕಿಟಕಿ ತೆರೆಯುತ್ತಿರಲಿಲ್ಲ. ಮೊದಲ ಗೋಡೆಯ ಮೇಲೆ ಇಸ್ತ್ರಿಯವಳ ಮುಖ ಬಂದ ಮಾರನೆಯ ದಿನ ಅವಳು ತನ್ನ ಅಂಗಡಿಯ ಮುಂದೆ ತಾನೇ ಗುಡಿಸಿದಳಂತೆ. ‘ನನ್ನ ಮುಖದ ಕೆಳಗೆ ಕಸ ಹಾಕೋನು ಯಾವನೋ ನೋಡ್ತೀನಿ’ ಎಂದು ಪೊರಕೆ ಹಿಡಿದೇ ನಿಂತಿದ್ದಳಂತೆ. ಆಮೇಲೆ ಒಬ್ಬರನ್ನು ನೋಡಿ ಒಬ್ಬರು. ಈಗ ಕ್ಷೌರದ ಅಂಗಡಿಗೆ ಹೊಸ ಕನ್ನಡಿ ಬಂದಿದೆ, ಚಹಾದವನು ನಾಲ್ಕು ಬೆಂಚು ಹಾಕಿದ್ದಾನೆ, ಸಂಜೆ ಹೆಂಗಸರು ಕುರ್ಚಿ ಹೊರಗೆ ತಂದು ಕೂತು ಹೋಗಿಬರುವವರ ಬಟ್ಟೆಯ ಬಗ್ಗೆ ತೀರ್ಪು ಕೊಡುತ್ತಾರೆ.

ಬಣ್ಣ ಬಳಿದರೆ ಬದುಕು ಬದಲಾಗುತ್ತದೆ ಅನ್ನುವವರನ್ನು ನಾನು ನಂಬಿದವಳಲ್ಲ. ಆದರೆ ಈ ಬೀದಿಯಲ್ಲಿ ನಡೆಯುವಾಗ ನಾನೇ ಸೆರಗು ಸರಿಮಾಡಿಕೊಳ್ಳುತ್ತೇನೆ. ಅಷ್ಟು ಜನ ಗೋಡೆಯಿಂದ ನೋಡುತ್ತಿರುತ್ತಾರೆ.

ಫೋನ್ ತೆಗೆಯುವಷ್ಟರಲ್ಲಿ ಅದೇ ಬಡಿದುಕೊಂಡಿತು. ಅತ್ತೆ. ಗಂಡ ತೀರಿಕೊಂಡ ಮೇಲೆ ನನ್ನ ಪಾಲಿಗೆ ಉಳಿದವರು ಅವರೊಬ್ಬರೇ. ಆಫೀಸಿನ ಫೋನ್ ಎತ್ತುವುದು, ಬಂದವರನ್ನು ಅಳೆಯುವುದು, ನನ್ನನ್ನು ಬೈಯುವುದು ಮೂರೂ ಅವರ ಖಾತೆ.

“ಲೇ, ಎಲ್ಲಿ ಹಾಳಾಗಿ ಹೋಗಿದೀಯೇ? ಆ ಹೆಣ್ಣು ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ್ಲು.”

“ಅಪ್ಪ ಕಾಣೆಯಾದ್ರೆ ಮಾಡಲ್ವಾ ಅತ್ತೆ?”

“ಮಾಡ್ಲಿ, ಯಾರು ಬೇಡ ಅಂದ್ರು? ಆದ್ರೆ ನಾಲ್ಕು ಸಲಾನೂ ‘ಎಲ್ಲಿದಾರೆ’ ಅಂತಾಳೆ. ‘ಹೇಗಿದಾರೆ’ ಅಂತ ಒಂದೇ ಒಂದು ಸಲ ಕೇಳ್ಲಿಲ್ಲ ಕಣೇ.”

“ಗಾಬರಿಯಲ್ಲಿದಾಳೆ ಪಾಪ.”

“ಗಾಬರಿ ಆದೋಳು ತಡವರಿಸ್ತಾಳೆ. ಇವಳು ಅಂಗಡಿ ವಿಳಾಸ ಕೇಳ್ದಂಗೆ ಕೇಳ್ತಾಳೆ. ಸ್ವಲ್ಪ ನಿಧಾನ ಮಾಡು. ಆತುರಗಾರನಿಗೆ ಬುದ್ಧಿ ಮಟ್ಟ.”

“ಗಾದೆ ಸಂಜೆ ಬಂದು ಕೇಳ್ತೀನಿ ಅತ್ತೆ” ಎಂದು ಕಟ್ ಮಾಡಿದೆ. ಮಗಳ ನಂಬರ್ ಒತ್ತಿದೆ. ಮೊದಲ ರಿಂಗಿಗೇ ಎತ್ತಿಕೊಂಡಳು.

“ಬದುಕಿದಾರೆ!” ಎಂದೆ.

“ಎಲ್ಲಿ?”

“ಗಿರಣಿಯೊಳಗೇ ಇದಾರಮ್ಮ. ಮೇಲೆ, ಸೈರನ್ ಕೋಣೆಯಲ್ಲಿ. ಮುಂದಿನ ಬಾಗಿಲಿನ ಕೀಲಿ ಚಿತ್ರಗಾರ್ತಿ ಹತ್ರ ಇರಬೇಕು. ನಾನು ಮಾತಾಡಿ ತೆಗೆಸ್ತೀನಿ.”

“ಬೇರೆ ದಾರಿ ಇಲ್ವಾ ಮೇಡಂ?”

“ಹಿಂದೆ ಸುಟ್ಟ ಗೋದಾಮಿನ ಕಡೆ ಗೋಡೆ ಬಿದ್ದಿದೆ, ಅಲ್ಲಿಂದ ನುಗ್ಗಿದ್ರೆ ಎಡಕ್ಕೇ ಮೆಟ್ಟಿಲು. ನಾನು ಹೋಗಿದ್ದೆ. ಆದ್ರೆ ನೀವು ಅಲ್ಲಿ ಬರಬೇಡಿ, ಕಾಲಿಗೆ ಗಾಜು ಚುಚ್ಚುತ್ತೆ.”

“ಇಪ್ಪತ್ತು ನಿಮಿಷದಲ್ಲಿ ಬರ್ತೀನಿ.”

ಅಷ್ಟೇ ಹೇಳಿ ಫೋನಿಟ್ಟಳು. ಚಹಾ ಬಂತು, ಅರ್ಧ ಕುಡಿದು ಎದ್ದೆ. ಒಂಬತ್ತು ದಿನದ ಮೇಲೆ ಅಪ್ಪನ ಮುಖ ನೋಡುವ ಮಗಳನ್ನು ನೆನೆದು ನನಗೇ ಕಣ್ಣು ತುಂಬಿ ಬಂದಿತ್ತು. ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

* * *

ಏಣಿಯಕ್ಕ ಗೋಡೆಯ ಬುಡದಲ್ಲಿ ಕೂತು ಕುಂಚ ತೊಳೆಯುತ್ತಿದ್ದಳು. ಪಕ್ಕದಲ್ಲಿ ಕೈಗಾಡಿ, ಅದರ ಮೇಲೆ ಬಣ್ಣದ ಬಕೆಟ್ಟುಗಳು, ಬಟ್ಟೆ ಮುಚ್ಚಿದ ಎರಡು ಊಟದ ಡಬ್ಬಿಗಳು. ಅವಳ ಬೆನ್ನ ಹಿಂದೆ ಗಿರಣಿಯ ಚಿಕ್ಕ ಕಬ್ಬಿಣದ ಬಾಗಿಲು. ತಾತನ ಅಂಗಿಯದೇ ಬಣ್ಣ ಬಳಿದು ಅದನ್ನು ಗೋಡೆಯಲ್ಲಿ ಸೇರಿಸಿಬಿಟ್ಟಿದ್ದಳು. ಮಕ್ಕಳೆಲ್ಲ ಅದನ್ನು ‘ತಾತನ ಹೊಟ್ಟೆ’ ಅನ್ನುತ್ತವೆ.

“ಜೊತೆಯವರು ಇವತ್ತು ಬಂದಿಲ್ವಾ?”

“ರಜೆ.”

“ನಾಲ್ಕು ದಿನದಿಂದ ನೋಡ್ತಿದೀನಿ. ನೀನೊಬ್ಬಳೇ ಇರೋ ದಿನಾನೂ ಎರಡು ಡಬ್ಬಿ ಬರುತ್ತೆ.”

“ನನಗೆ ಹಸಿವು ಜಾಸ್ತಿ ಅಮ್ಮ.”

“ಸಂಜೆಗೆ ಎರಡೂ ಖಾಲಿ. ನೀನು ಮಾತ್ರ ಕಡ್ಡಿ ಥರ ಇದೀಯ. ಇನ್ನೊಂದು ಡಬ್ಬಿ ಯಾರ ಹೊಟ್ಟೆ ಸೇರುತ್ತೆ? ಈ ಹೊಟ್ಟೆನಾ?” ಬಾಗಿಲನ್ನು ಬೆರಳಿನಿಂದ ತಟ್ಟಿದೆ.

ಕುಂಚ ನೀರಿನಲ್ಲೇ ನಿಂತಿತು.

“ಮೇಲೆ ಧೂಳು ಕಂಡಿತು ಅಂದೆನಲ್ಲ, ಸುಳ್ಳು. ಚುಕ್ಕೆ ಕಂಡಿತು. ತಾತ ಒಳಗಿದಾರೆ. ವಯಸ್ಸಾದ ಮನುಷ್ಯನ್ನ ಒಂಬತ್ತು ದಿನ ಕೂಡಿಹಾಕಿದೀಯ. ಪೊಲೀಸರನ್ನ ಕರೀಲಾ? ನೀನೇ ಬಾಗಿಲು ತೆಗೀತೀಯಾ?”

ಅವಳು ಎದ್ದು ನಿಂತಳು. ಅತ್ತ ಇತ್ತ ಬೀದಿಯ ಎರಡೂ ತುದಿ ನೋಡಿದಳು.

“ಕೂಡಿಹಾಕಿಲ್ಲ. ಒಳಗಿನಿಂದ ಚಿಲಕ ಹಾಕ್ಕೊಂಡಿರೋದು ತಾತನೇ.”

“ಯಾಕೆ?”

“ಮೊದಲು ನೀವು ಹೇಳಿ. ನಿಮ್ಮನ್ನ ಕಳಿಸಿದ್ದು ಗಿರಣಿ ಕೊಂಡವರಾ?”

“ನನ್ನನ್ನ ಯಾರೂ ಕಳಿಸಲ್ಲ. ನಾನೇ ಬರ್ತೀನಿ” ಎಂದೆ ಸಿಟ್ಟಿನಿಂದ. “ಕೊಂಡವರ ಮುಖ ಕೂಡ ನೋಡಿಲ್ಲ.”

ನನ್ನ ಸಿಟ್ಟು ಅವಳಿಗೆ ನಂಬಿಕೆ ತಂದಿತೋ ಏನೋ, ಮಾತು ಹೊರಬಂತು.

“ಎರಡು ತಿಂಗಳ ಹಿಂದೆ ಹಿಂದಿನ ಗೋದಾಮು ಸುಟ್ಟಿತಲ್ಲ, ಟಾರ್ಪಾಲು ಹೊಲಿಯೋನು ಒಬ್ಬ ಒಳಗೇ ಸತ್ತ.”

“ವೈರು ಸುಟ್ಟು ಬೆಂಕಿ ಬಿತ್ತು ಅಂತ ಪೇಪರಿನಲ್ಲಿ ಓದಿದ್ದೆ.”

“ವೈರು ಬಾಗಿಲಿಗೆ ಬೀಗ ಹಾಕುತ್ತಾ ಅಮ್ಮ? ಹೊರಗಿನಿಂದ ಬೀಗ ಹಾಕಿದ್ರು. ಹಾಕಿದೋರನ್ನ ತಾತ ಕಣ್ಣಾರೆ ನೋಡಿದಾರೆ. ಸೋಮವಾರ ವಿಚಾರಣೆ ಇದೆ, ಅಲ್ಲಿ ಹೆಸರು ಹೇಳ್ತೀನಿ ಅಂತ ಚಹಾ ಅಂಗಡಿಯಲ್ಲಿ ಎಲ್ಲರ ಮುಂದೆ ಅಂದುಬಿಟ್ರು. ಅವತ್ತೇ ಸಂಜೆ ಯಾರೋ ಇಬ್ಬರು ಅವರ ಕೋಣೆಗೆ ಬಂದು ಹುಡುಕಿದ್ರು. ಮಾರನೇ ದಿನವೂ ಬಂದ್ರು. ಆಮೇಲೆ ನಾನೇ 'ಊರಿಗೆ ಹೋದ್ರು' ಅಂತ ಸುದ್ದಿ ಹಬ್ಬಿಸಿ ಒಳಗೆ ಸೇರಿಸಿದೆ. ಸೋಮವಾರದವರೆಗೆ ಅಷ್ಟೇ.”

ಇವತ್ತು ಶುಕ್ರವಾರ.

“ಗೋದಾಮು ಸುಡೋದ್ರಿಂದ ಯಾರಿಗೆ ಏನು ಲಾಭ?”

ಅವಳು ನಕ್ಕಳು. ನೋಡಲಾಗದ ನಗು. “ಈ ಬೀದಿ ಸತ್ತು ಬಿದ್ದಿದ್ದಾಗ ಯಾರಿಗೂ ಬೇಕಿರ್ಲಿಲ್ಲ. ಬದುಕಿದ ಮೇಲೆ ಎಲ್ಲರಿಗೂ ಬೇಕು. ಗೋದಾಮಿನಲ್ಲಿ ಹನ್ನೊಂದು ಜನ ಹೊಲಿಗೆಯೋರು ಇದ್ರು, ಗಿರಣಿ ಕೊಂಡವರು ಜಾಗ ಬಿಡಿ ಅಂದ್ರೆ ಬಿಡ್ಲಿಲ್ಲ. ಈಗ ನೋಡಿ, ಒಬ್ಬರೂ ಇಲ್ಲ.” ಅಂಗೈಯ ಬಣ್ಣ ಕೆರೆದಳು. “ಇಲ್ಲಿ ಮೊದಲ ಗೋಡೆಗೆ ಬಣ್ಣ ಹಾಕಿದ್ದು ನಾನು. ಆ ಸಾವಿನಲ್ಲಿ ನನ್ನ ಪಾಲೂ ಇದೆ ಅನ್ಸುತ್ತೆ. ತಾತನನ್ನಾದ್ರೂ ಉಳಿಸಿಕೊಳ್ತೀನಿ ಅಮ್ಮ. ಏನೇ ಆಗ್ಲಿ ಉಳಿಸಿಕೊಳ್ತೀನಿ.”

ಅವಳನ್ನು ಅಪರಾಧಿ ಎಂದುಕೊಂಡಿದ್ದಕ್ಕೆ ನನಗೆ ಮುಜುಗರವಾಯಿತು. ಹೆಗಲ ಮೇಲೆ ಕೈಯಿಟ್ಟೆ.

“ಇಷ್ಟೆಲ್ಲ ಕಾಪಾಡಿ ಆ ಚುಕ್ಕೆ ಯಾಕೆ ಇಡೋಕೆ ಬಿಟ್ಟೆ? ಅದೇ ನನಗೆ ದಾರಿ ತೋರಿಸಿತು.”

“ನಾನು ಬಿಟ್ಟೆನಾ? ಊಟದ ಜೊತೆ ಒಂದು ಡಬ್ಬಿ ಬಿಳಿ ಬಣ್ಣ ಕೊಡು, ಒಳಗೆ ಗೋಡೆ ಮೇಲೆ ಗೀಚ್ತಾ ಕೂರ್ತೀನಿ, ಹೊತ್ತು ಹೋಗಲ್ಲ ಅಂದ್ರು. ಕೊಟ್ಟೆ. ಬೆಳಿಗ್ಗೆ ಬಂದು ನೋಡಿದ್ರೆ ಈ ಕೆಲಸ! ಬೈದ್ರೆ ಏನಂದ್ರು ಗೊತ್ತಾ? ‘ಆರು ದಿನದಿಂದ ಕುರುಡನ ಹಾಗೆ ನಿಂತಿದೀನಿ ಕಣಮ್ಮ, ಒಂದು ಕಣ್ಣಾದ್ರೂ ಬರಲಿ’ ಅಂದ್ರು. ಈ ಗಿರಣಿಗೆ ಕೊಟ್ಟ ಬೆರಳು, ಅದರಲ್ಲೇ ಇಡ್ತೀನಿ ಅಂತ ಮುಂಚಿನಿಂದಲೂ ಹೇಳ್ತಿದ್ರು.”

ಇಬ್ಬರೂ ನಕ್ಕೆವು. ಅಷ್ಟು ಹೊತ್ತಿಗೆ ನನ್ನ ಮನಸ್ಸು ಹಗುರಾಗಿತ್ತು.

“ಇನ್ನು ಹೆದರಬೇಡ. ಅವರ ಮಗಳು ಬರ್ತಿದಾಳೆ. ನನ್ನ ಹತ್ರ ಬಂದದ್ದೂ ಅವಳೇ.”

ಏಣಿಯಕ್ಕನ ಮುಖ ಅರಳಿತು. “ಬಂದುಬಿಟ್ಲಾ? ಹಡಗಿನಲ್ಲಿ ನರ್ಸು ಅವಳು, ವರ್ಷಕ್ಕೊಂದು ಸಲ ಬರೋದು. ತಾತನ ಬಾಯಲ್ಲಿ ಮೂರು ಹೊತ್ತೂ ಅವಳದೇ ಮಾತು. ಅಯ್ಯೋ, ನೋಡಿದ್ರೆ ಎಷ್ಟು ಖುಷಿ ಪಡ್ತಾರೋ!”

ಸೊಂಟದ ಚೀಲದಿಂದ ಕೀಲಿ ಹೊರಬಂತು. ನಾನೂ ಚೀಲದಿಂದ ಮಾತ್ರೆಯ ಪಟ್ಟಿ ತೆಗೆದೆ.

“ಮೊದಲು ಇದನ್ನ ಕೊಡು. ಒಂಬತ್ತು ದಿನ ತಪ್ಪಿದೆ.”

“ಏನಿದು?”

“ಹೃದಯದ ಮಾತ್ರೆ.”

“ತಾತನಿಗಾ? ಹೃದಯಾನಾ?” ಅವಳು ಪಟ್ಟಿಯನ್ನು ತಿರುಗಿಸಿ ನೋಡಿದಳು. “ಹಲ್ಲುನೋವು ಬಿಟ್ರೆ ಆ ಮನುಷ್ಯನಿಗೆ ಏನೂ ಇಲ್ಲ ಅಮ್ಮ. ಇವತ್ತಿಗೂ ಆ ಸೈರನ್ ಹಿಡಿ ತಿರುಗಿಸೋ ತೋಳು ಅದು. ಏನಾದ್ರೂ ಅಪಾಯ ಅನ್ಸಿದ್ರೆ ತಿರುಗಿಸಿ ಅಂತ ಹೇಳಿಟ್ಟಿದೀನಿ, ಬೀದಿ ಪೂರ್ತಿ ಓಡಿ ಬರುತ್ತೆ.”

“ನಿನ್ನ ಹತ್ರ ಮುಚ್ಚಿಟ್ಟಿರಬೇಕು. ಮುದುಕರಿಗೆ ಕಾಯಿಲೆ ಅಂದ್ರೆ ಮರ್ಯಾದೆ ಪ್ರಶ್ನೆ.”

“ಇರಬಹುದು” ಎಂದಳು. ಆದರೆ ಕೀಲಿ ಹಿಡಿದ ಕೈ ಬಾಗಿಲಿನ ಕಡೆ ಹೋಗಲಿಲ್ಲ. “ಅಮ್ಮ, ಅವಳು ಅವರ ಮಗಳೇ ಅಲ್ವಾ? ನೀವು ವಿಚಾರಿಸಿದೀರಲ್ಲ?”

ನನಗೆ ಮೂಗಿನ ತುದಿಯಲ್ಲಿ ಕೋಪ. ಇಪ್ಪತ್ತು ವರ್ಷದ ಅನುಭವದವಳನ್ನು ಕೇಳುವ ಪ್ರಶ್ನೆಯೇ ಇದು?

“ಕೇಳದೆ ತಾನಾಗಿ ಹೇಳಿದ್ಲಮ್ಮ. ಬೆರಳಿನ ಗುರುತು ಕೂಡ. ಯಂತ್ರಕ್ಕೆ ಸಿಕ್ಕಿದ್ದು, ಎಡಗೈ ತೋರುಬೆರಳು, ತುದಿ ಇಲ್ಲ. ತನ್ನ ಬೆರಳನ್ನೇ ಮಡಚಿ ತೋರಿಸಿದ್ಲು.”

“ಬಲಗೈ” ಎಂದಳು ಏಣಿಯಕ್ಕ.

“ಎಡಗೈ. ನೀನೇ ಬರೆದಿದೀಯಲ್ಲ.” ನಮ್ಮ ತಲೆಯ ಮೇಲೆ, ಎದೆಯ ಮೇಲಿಟ್ಟುಕೊಂಡ ಆ ಕೈಯನ್ನು ತೋರಿಸಿದೆ.

ಅವಳ ಮುಖ ಕೆಂಪಾಯಿತು. “ಅದು ನನ್ನ ಮಾನ ಹೋದ ಕಥೆ ಅಮ್ಮ, ಯಾರಿಗೂ ಹೇಳಬೇಡಿ. ದೊಡ್ಡ ಗೋಡೆಗೆ ನಾವು ಕೈಯಲ್ಲಿ ಅಳತೆ ಮಾಡಲ್ಲ. ಕತ್ತಲಾಗ್ತಿದ್ದ ಹಾಗೆ ಪ್ರೊಜೆಕ್ಟರ್‌ನಿಂದ ಫೋಟೊನ ಗೋಡೆ ಮೇಲೆ ಬಿಟ್ಟು ಗೆರೆ ಎಳ್ಕೊಳ್ತೀವಿ. ಅವತ್ತು ಯಂತ್ರದಲ್ಲಿ ಚಿತ್ರ ಮಗುಚಿ ಬಿದ್ದಿತ್ತು, ಕನ್ನಡಿಯಲ್ಲಿ ಕಂಡ ಹಾಗೆ. ನಾನು ಅವಸರದಲ್ಲಿ ನೋಡ್ಲಿಲ್ಲ. ಅಷ್ಟು ಹತ್ತಿರ ನಿಂತ್ರೆ ನಮಗೆ ಗೆರೆ ಕಾಣುತ್ತೆ, ಮನುಷ್ಯ ಕಾಣಲ್ಲ. ಎಲ್ಲ ಮುಗಿದ ಮೇಲೆ ಆ ಕಡೆ ಹೋಗಿ ನಿಂತು ನೋಡಿದ್ರೆ, ಬಲಗೈ ಎಡಗೈ ಆಗಿದೆ, ಅಂಗಿ ಗುಂಡಿ ಕೂಡ ತಿರುವುಮುರುವು! ಅಳಿಸ್ತೀನಿ ಅಂದ್ರೆ ತಾತ ಬಿಡ್ಲಿಲ್ಲ. ‘ಬಿಡಮ್ಮ, ಗೋಡೆ ಮೇಲೆ ನನಗೊಬ್ಬ ಅವಳಿ ಇರಲಿ’ ಅಂದ್ರು. ನಿಜವಾದ ತಾತನಿಗೆ ಗಿಡ್ಡ ಬೆರಳು ಇರೋದು ಬಲಗೈಯಲ್ಲಿ.”

ಹೇಳಿ ಮುಗಿಸಿ ಅವಳು ಇನ್ನೂ ನಗುತ್ತಲೇ ಇದ್ದಳು. ನಾನು ನಗಲಿಲ್ಲ.

ಹುಟ್ಟಿದಾಗಿನಿಂದ ಅಪ್ಪನ ಕೈ ಹಿಡಿದು ನಡೆದ ಮಗಳಿಗೆ, ಗಿಡ್ಡ ಬೆರಳು ಯಾವ ಕೈಯಲ್ಲಿದೆ ಎಂದು ತಪ್ಪುವುದಿಲ್ಲ. ಎಡಗೈಯಲ್ಲಿ ಆ ಬೆರಳನ್ನು ನೋಡಿದವರು ಲೋಕದಲ್ಲಿ ಒಂದೇ ಕಡೆ ನೋಡಿರಲು ಸಾಧ್ಯ. ಈ ಗೋಡೆಯ ಮೇಲೆ.

ನನ್ನ ಆಫೀಸಿನಲ್ಲಿ ಕೂತು ಕಣ್ಣೊರೆಸಿಕೊಂಡ ಹೆಂಗಸು ತಾತನನ್ನು ಜನ್ಮದಲ್ಲಿ ನೋಡಿಲ್ಲ.

ಅತ್ತೆಯ ಮಾತು, ಮಾತ್ರೆಯ ಪಟ್ಟಿ, ‘ಬೇರೆ ದಾರಿ ಇಲ್ವಾ ಮೇಡಂ’ ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಗುಂಡಿಪಟ್ಟಿಯನ್ನು ಕಣ್ಣೆದುರೇ ಕಂಡು ನಕ್ಕು ಇಳಿದವಳು ನಾನು. ಇಬ್ಬರು ಗಂಡಸರು ಎರಡು ಸಲ ಹುಡುಕಿ ಸಿಗದವರನ್ನು ಹುಡುಕಿಕೊಡಲು ಅವರಿಗೆ ಒಬ್ಬಳು ಪತ್ತೇದಾರಿಣಿ ಬೇಕಿತ್ತು. ನಾನು ಕೋಣೆ ಹೇಳಿದೆ, ದಾರಿ ಹೇಳಿದೆ, ಎಡಕ್ಕೆ ಮೆಟ್ಟಿಲಿದೆ ಎಂದೂ ಹೇಳಿದೆ.

“ಅಮ್ಮ? ಏನಾಯ್ತು?”

“ಬಾಗಿಲು ತೆಗಿ” ಎಂದೆ. “ತಾತನನ್ನ ಹೊರಗೆ ಕರ್ಕೊಂಡು ಬಾ. ಈಗಲೇ. ಓಡು!”

“ಯಾಕೆ?”

“ಬರ್ತಿರೋಳು ಮಗಳಲ್ಲ!”

ಕೀಲಿ ಎರಡು ಸಲ ಜಾರಿತು, ಮೂರನೆಯ ಸಲ ತಿರುಗಿತು. ತಾತನ ಹೊಟ್ಟೆ ಕಿರ್ರೆಂದು ತೆರೆದುಕೊಂಡಿತು. ಒಳಗಿನ ಕತ್ತಲಲ್ಲಿ ಪಾರಿವಾಳಗಳು ಪಟಪಟ ಎದ್ದವು. ಅವಳ ಚಪ್ಪಲಿಯ ಸದ್ದು ದೂರ ದೂರ ಹೋಯಿತು.

ನಾನೂ ಒಳಗೆ ಒಂದು ಹೆಜ್ಜೆ ಇಟ್ಟಿದ್ದೆ. ಅಷ್ಟರಲ್ಲಿ ಬೀದಿಯ ಬಾಯಲ್ಲಿ ಒಂದು ಕಾರು ನಿಂತಿತು.

ಇಪ್ಪತ್ತು ನಿಮಿಷ ಅಂದಿದ್ದಳು. ಹದಿನೈದೂ ಆಗಿರಲಿಲ್ಲ. ಅವಳು ಒಬ್ಬಳೇ ಇಳಿದಳು, ಅವತ್ತಿನದೇ ಬೂದು ಸೀರೆ, ಅದೇ ಮಡಚಿದ ಕರವಸ್ತ್ರ. ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಕ್ಷಣ ನನಗೆ ಆಸೆ ಹುಟ್ಟಿತು. ಒಬ್ಬಳೇ ಅಲ್ಲವೇ, ತಡೆಯಬಹುದು, ಮಾತಿನಲ್ಲಿ ಕಟ್ಟಿಹಾಕಬಹುದು. ಬಾಗಿಲನ್ನು ಎಳೆದುಕೊಂಡು ಅದರ ಮುಂದೆ ನಿಂತೆ.

ಅವಳು ಆತುರವಿಲ್ಲದೆ ನಡೆದು ಬಂದಳು. ಅಪ್ಪ ಸಿಕ್ಕ ಮಗಳು ಹಾಗೆ ನಡೆಯುವುದಿಲ್ಲ. ನನ್ನ ಪಕ್ಕಕ್ಕೆ ಬಂದು ಗೋಡೆ ನೋಡಿದಳು, ಹಿಮ್ಮಡಿ ಎತ್ತಿ, ಆ ಗಿಡ್ಡ ಬೆರಳನ್ನು ಮೆಲ್ಲಗೆ ಸವರಿದಳು.

“ಎಷ್ಟು ಚೆನ್ನಾಗಿ ಬರೆದಿದಾರೆ ಅಲ್ವಾ? ಅಪ್ಪನ ಬೆರಳು ಥೇಟ್ ಹೀಗೇ.”

“ಬನ್ನಿ, ಮೊದಲು ಕೂತ್ಕೊಂಡು ಚಹಾ ಕುಡಿಯೋಣ” ಎಂದೆ. ನನ್ನ ಧ್ವನಿ ನನಗೇ ಯಾರದೋ ಅನಿಸಿತು. “ಕೀಲಿ ಇನ್ನೂ ಸಿಕ್ಕಿಲ್ಲ. ಸ್ವಲ್ಪ ಹೊತ್ತಾಗುತ್ತೆ.”

“ಪರವಾಗಿಲ್ಲ ಮೇಡಂ.”

ಬಾಗಿಲು ಎಲ್ಲಿ ಎಂದು ಕೇಳಲಿಲ್ಲ. ತಾತ ಎಲ್ಲಿ ಎಂದೂ ಕೇಳಲಿಲ್ಲ. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವಳು ‘ಎಲ್ಲಿ’ ಎಂದು ಕೇಳದೆ ನಿಂತಿದ್ದಳು. ಕಾರಿನಲ್ಲಿ ಯಾಕೆ ಯಾರೂ ಇಲ್ಲ, ನಾನೇ ಹೇಳಿಕೊಟ್ಟ ಹಿಂದಿನ ದಾರಿಯಲ್ಲಿ ಯಾರು ನುಗ್ಗಿದ್ದಾರೆ ಎಂದು ನನಗೆ ಹೊಳೆದದ್ದು ಆಗ.

ತಲೆಯ ಮೇಲೆ ಸೈರನ್ ಎದ್ದಿತು.

ಮೊದಲು ಗೊಗ್ಗರು ಗಂಟಲಿನ ಮುದುಕ ಕೆಮ್ಮಿದ ಹಾಗೆ, ಆಮೇಲೆ ಏರುತ್ತಾ ಏರುತ್ತಾ ಇಡೀ ಬೀದಿಯನ್ನು ತುಂಬಿತು. ಹನ್ನೊಂದು ವರ್ಷದಿಂದ ಯಾರೂ ಕೇಳದ ಸದ್ದು. ಕ್ಷೌರದವನು ಕತ್ತರಿ ಹಿಡಿದೇ ಹೊರಗೆ ಬಂದ. ಇಸ್ತ್ರಿಯವಳು ಬಂದಳು. ಕಿವುಡ ಕೂಡ ತಲೆಯೆತ್ತಿ ನೋಡಿದ. ಗೋಡೆಯ ಮೇಲೆ ಮುಖ ಇದ್ದವರೆಲ್ಲ ಬಾಗಿಲಿಗೆ ಬಂದು ನಿಂತರು.

ಸೈರನ್ ತುತ್ತತುದಿಗೆ ಏರಿತು. ಏರಿದ ಸೈರನ್ ನಿಧಾನವಾಗಿ ಇಳಿಯಬೇಕು, ಹಿಡಿ ಬಿಟ್ಟರೂ ಸ್ವಲ್ಪ ಹೊತ್ತು ತಾನೇ ಸುತ್ತಬೇಕು. ಅದು ಇಳಿಯಲಿಲ್ಲ. ಯಾರೋ ಗಂಟಲು ಹಿಡಿದ ಹಾಗೆ ಅರ್ಧದಲ್ಲೇ ನಿಂತಿತು.

ಆ ಮೌನದಲ್ಲಿ ಅವಳು ಕರವಸ್ತ್ರದಿಂದ ಬೆರಳಿಗೆ ಅಂಟಿದ ಧೂಳನ್ನು ಒರೆಸಿಕೊಂಡಳು.

“ಅಪ್ಪ ಸಿಕ್ಕರು ಅನ್ಸುತ್ತೆ ಮೇಡಂ” ಎಂದಳು. “ನಿಮ್ಮ ಕೆಲಸ ಮುಗೀತು.”